ಎಡಗಡೆಯ ಬ್ರೇಕು

೯ ಜನವರಿ ೧೯೮೩, ಭಾನುವಾರ

ಪ್ರೀತಿಯ ತಮ್ಮನಿಗೆ,

ನಿನ್ನ ಹಡಗು ಈಗ ಯಾವ ನೀರಿನಲ್ಲಿ ತೇಲುತ್ತಿದೆಯೋ ನಿನ್ನ ಕಂಪನಿಯವರಿಗೇ ಗೊತ್ತು. ಅವರ ಆಫೀಸಿನ ವಿಳಾಸಕ್ಕೇ ಹಾಕುತ್ತಿದ್ದೇನೆ, ಮುಂದಿನ ಬಂದರಿನಲ್ಲಿ ಸಿಕ್ಕರೆ ಸಿಗಲಿ. ನೀನು ಮನೆಗೆ ಬಂದು ಮೂರು ವರ್ಷವಾಯಿತು. ಇಡೀ ಹಡಗಿನ ಇಂಜಿನ್ನಿಗೆ ಎಣ್ಣೆ ಬಿಡುವವನು ನೀನೊಬ್ಬನೇನಾ? ರಜಾ ಕೊಡದ ಆ ಸಾಹೇಬನಿಗೆ ಅಕ್ಕತಂಗಿಯರು ಇಲ್ಲ ಅಂತ ಕಾಣುತ್ತದೆ.

ಅಪ್ಪ ಗಟ್ಟಿಮುಟ್ಟಾಗಿದ್ದಾರೆ. ಎಪ್ಪತ್ತನಾಲ್ಕು ಅಂದರೆ ಯಾರೂ ನಂಬುವುದಿಲ್ಲ. ಅವರ ಹಿಲ್ಮನ್ ಕಾರೂ ಹಾಗೇ ಇದೆ. ಮೊನ್ನೆ ತೊಳೆದು ಒರೆಸುವಾಗ ಲೆಕ್ಕ ಹಾಕಿದೆ, ಅದಕ್ಕೀಗ ಇಪ್ಪತ್ತೆಂಟು. ಸೇತುವೆ ಕಟ್ಟಲು ಬಂದಿದ್ದ ಆ ಇಂಗ್ಲಿಷ್ ಇಂಜಿನಿಯರ್ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಗಾಳಿಸೇವನೆಗೆ ಹೋಗಲೆಂದು ತರಿಸಿಕೊಂಡ ಕಾರು. ಅದರಲ್ಲಿ ನಮ್ಮಪ್ಪ ಡ್ರೈವಿಂಗ್ ಸ್ಕೂಲು ತೆರೆದು, ನಾನೂರು ಜನ ಅದರ ಗೇರನ್ನು ಕರಕರ ಅನ್ನಿಸಿದ್ದಾರೆ ಅಂತ ತಿಳಿದರೆ ಆ ಪುಣ್ಯಾತ್ಮ ತನ್ನ ದೇಶದಲ್ಲಿ ಕೂತು ಅತ್ತಾನು. ಈಗ ಕಲಿಯುವವರು ಯಾರೂ ಬರುವುದಿಲ್ಲ. ಗೇರು ನೆಲದಲ್ಲಿರದೆ ಸ್ಟಿಯರಿಂಗ್ ಕಂಬದಲ್ಲಿದ್ದರೆ ಈಗಿನ ಮಕ್ಕಳಿಗೆ ದಿಕ್ಕು ತಪ್ಪುತ್ತದಂತೆ. ಆದರೂ ಬೋರ್ಡು ಇಳಿಸಲು ಅಪ್ಪ ಬಿಡುವುದಿಲ್ಲ.

ಪ್ರತಿ ಭಾನುವಾರ ನಾಲ್ಕು ಗಂಟೆಗೆ ಅಪ್ಪ ಮತ್ತು ನಾನು ನೀರಿನ ಟ್ಯಾಂಕಿನ ದಿಣ್ಣೆಯವರೆಗೆ ಹೋಗಿ ಬರುತ್ತೇವೆ. ಅವರು ಓಡಿಸುತ್ತಾರೆ, ನಾನು ಪಕ್ಕದಲ್ಲಿ ಕೂತು ಊರ ಸುದ್ದಿ ಹೇಳುತ್ತೇನೆ. ಬಲಗಡೆಯ ಕನ್ನಡಿ ಮುರಿಯಿತು. ತಳ್ಳುಗಾಡಿಯವನೊಬ್ಬ ಅಡ್ಡ ಬಂದ, ತಪ್ಪು ಅವನದೇ.

ಅಪ್ಪ ಯಾಕೆ ಸ್ವಂತ ಕೈಯಲ್ಲಿ ಬರೆಯುವುದಿಲ್ಲ ಅಂತ ಹೋದ ಸಲ ನೀನು ಕೇಳಿದ್ದೆ. ಬೆರಳು ನೋವು, ಅಷ್ಟೇ. ನನಗೋ ದಿನವಿಡೀ ನೋಂದಣಿ ಕಚೇರಿಯಲ್ಲಿ ಬೇರೆಯವರ ಮನೆಪತ್ರ ಟೈಪು ಮಾಡಿ ಮಾಡಿ, ಮನೆಗೆ ಬಂದು ಸ್ವಂತ ಅಕ್ಷರದಲ್ಲಿ ನಾಲ್ಕು ಸಾಲು ಬರೆಯುವುದೇ ಸುಖ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ

೨೬ ಫೆಬ್ರವರಿ ೧೯೮೩

ಅಕ್ಕ,

ಕಾಗದ ಸಿಕ್ಕಿತು. ಅದರ ಜೊತೆಗೇ ಇನ್ನೊಂದೂ ಸಿಕ್ಕಿತು, ಔಷಧಿ ಅಂಗಡಿ ಇಟ್ಟಿದ್ದಾನಲ್ಲ ನನ್ನ ಗೆಳೆಯ, ಅವನದು. ಅವನು ಬರೆದದ್ದನ್ನು ಇದ್ದ ಹಾಗೇ ಇಳಿಸುತ್ತೇನೆ: "ಮೇಷ್ಟ್ರು ಗಾಡೀನ ಸರ್ಕಲ್ಲಿನ ಹೂವಿನ ಪಾತಿ ಮೇಲೆ ಹತ್ತಿಸಿಬಿಟ್ರು. ನಿಮ್ಮಕ್ಕ ಇಳಿದು, ಬಿದ್ದ ಗಿಡಾನೆಲ್ಲ ಮತ್ತೆ ನೆಟ್ಟು, ಏನೂ ಆಗೇ ಇಲ್ಲ ಅನ್ನೋ ಹಾಗೆ ಹತ್ತಿ ಕೂತ್ರು." ನಿನ್ನ ಕಾಗದದಲ್ಲಿ ಕನ್ನಡಿ ಇದೆ, ತಳ್ಳುಗಾಡಿ ಇದೆ, ಹೂವಿನ ಪಾತಿ ಎಲ್ಲಿ?

ನೀನು ಚಿಕ್ಕಂದಿನಿಂದಲೂ ಹೀಗೆ. ಅಪ್ಪನ ಮುಂದೆ ಬಾಯಿ ಬಿಡುವುದಿಲ್ಲ. ಎಪ್ಪತ್ತನಾಲ್ಕು ವರ್ಷಕ್ಕೆ ಇಂಜಿನ್ನೇ ಸವೆಯುತ್ತದೆ, ಮನುಷ್ಯ ಸವೆಯುವುದಿಲ್ಲವೇ? ಜುಲೈಯಲ್ಲಿ ಅವರ ಲೈಸೆನ್ಸು ಮುಗಿಯುತ್ತದೆ. ಅಷ್ಟರೊಳಗೆ ಮಾತಾಡಿ ಕೀಲಿ ತೆಗೆದುಕೊ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ನೀನು ಕಾಯುತ್ತಿದ್ದರೆ, ನಾನೇ ಕಟ್ಟುತ್ತೇನೆ. ಕೆಳಗಿನ ಚೀಟಿಯನ್ನು ಹರಿದು ಅವರ ಕೈಗೇ ಕೊಡು.

ತಮ್ಮ

"ಅಪ್ಪ, ನಾನೂರು ಜನಕ್ಕೆ ಕಲಿಸಿದಿರಿ, ಸಾಕು. ಇನ್ನು ಕೀಲಿಯನ್ನು ಅಕ್ಕನ ಕೈಗೆ ಕೊಡಿ. ಕಾರನ್ನು ಯಾರಿಗಾದರೂ ಕೊಟ್ಟುಬಿಡೋಣ. ಯಾರಿಗೋ ಏನೋ ಹೆಚ್ಚುಕಡಿಮೆಯಾದರೆ ಇಷ್ಟು ವರ್ಷದ ಹೆಸರು ಒಂದೇ ದಿನದಲ್ಲಿ ಮಣ್ಣುಪಾಲಾಗುತ್ತದೆ. ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಮಗ."

೨೦ ಮಾರ್ಚ್ ೧೯೮೩, ಭಾನುವಾರ

ತಮ್ಮನಿಗೆ,

ಚೀಟಿ ತಲುಪಿತು. ಅಪ್ಪ ಉತ್ತರ ಹೇಳಿ ಬರೆಸಿದ್ದಾರೆ, ಇದರ ಜೊತೆಗಿದೆ. ಔಷಧಿ ಅಂಗಡಿಯವನಿಗೆ ಗುಳಿಗೆಗಿಂತ ಗುಲ್ಲಿನ ವ್ಯಾಪಾರವೇ ಜೋರು ಅಂತ ತಿಳಿದುಕೊ. ಪಾತಿಯಲ್ಲಿ ಹಾಳಾದದ್ದು ಮೂರೇ ಗಿಡ. ಈಗ ಮೂರೂ ಮೊಗ್ಗು ಬಿಟ್ಟಿವೆ.

ಅಕ್ಕ

"ಮಗನೇ, ನಿನ್ನ ಕಾಗದ ಕೇಳಿ ಎದೆ ತುಂಬಿ ಬಂತು. ಗಾಡಿಗೆ ಹೊಸ ಬಣ್ಣ ಹೊಡಿಸ್ತೀನಿ ಅಂದಿದೀಯಲ್ಲ, ಬೇಡಪ್ಪ. ಅದೇ ತಿಳಿಹಸಿರು ಇರ್ಲಿ, ನಿಮ್ಮಮ್ಮನಿಗೆ ಇಷ್ಟವಾದ ಬಣ್ಣ. ನಾನು ಹುಷಾರಾಗಿ ಓಡಿಸ್ತೀನಿ, ನೀನು ಹೆದರಬೇಡ. ನೀನು ಇಂಥ ಕಾಗದ ಬರೀತೀಯ ಅಂತ ಕನಸಲ್ಲೂ ಅನ್ಕೊಂಡಿರ್ಲಿಲ್ಲ. ನೀನು ಯಾವಾಗ್ಲೂ ಕೀಲಿ ಕೊಡಿ, ಬೀಗ ಕೊಡಿ ಅನ್ನೋ ಜಾತಿ. ರಜಾ ಹಾಕಿ ಬಾ, ಜೊತೆಗೆ ದಿಣ್ಣೆಗೆ ಹೋಗೋಣ. ಅಪ್ಪ."

೩೦ ಏಪ್ರಿಲ್ ೧೯೮೩

ಅಕ್ಕ,

ಐದು ವಾರ ಬರೀ ನೀರು ನೋಡಿ ಬಂದರಿಗೆ ಬಂದರೆ ಈ ಕಾಗದ. ನಾನು ಬೇವು ಕಳಿಸಿದರೆ ಅಪ್ಪ ಬೆಲ್ಲ ತಿಂದು ಬಾಯಿ ಚಪ್ಪರಿಸಿದ್ದಾರೆ. ಬಣ್ಣ ಅಂತೆ! ಬಣ್ಣದ ಮಾತು ನಾನೆಲ್ಲಿ ಬರೆದೆ?

ಮೊದಲು ನಗು ಬಂತು. ಅಡುಗೆಯವನಿಗೆ ಓದಿ ತೋರಿಸಿದೆ, ಅವನೂ ನಕ್ಕ. ಆಮೇಲೆ ಮತ್ತೆ ಓದಿದೆ. "ನಿನ್ನ ಕಾಗದ ಕೇಳಿ" ಅಂತ ಇದೆ. ಓದಿ ಅಂತ ಇಲ್ಲ. ಅಲ್ಲಿಗೆ ನಗು ನಿಂತುಹೋಯಿತು.

ಬೆರಳು ನೋವಿದ್ದರೆ ಬರೆಯಲು ಆಗುವುದಿಲ್ಲ. ಓದಲು ಏನು ಅಡ್ಡಿ? ನನ್ನ ಚೀಟಿಯನ್ನು ನೀನು ಓದಿದ್ದೀಯ, ನಿನಗೆ ಬೇಕಾದ ಹಾಗೆ ಓದಿದ್ದೀಯ. ಅಪ್ಪನಿಗೆ ಕಣ್ಣು ಎಷ್ಟು ಹೋಗಿದೆ? ಯಾವತ್ತಿನಿಂದ? ಕಣ್ಣು ಕಾಣದವರನ್ನು ಪ್ರತಿ ಭಾನುವಾರ ರಸ್ತೆಗೆ ಬಿಟ್ಟು ಪಕ್ಕದಲ್ಲಿ ಕೂತು ಊರ ಸುದ್ದಿ ಹೇಳುತ್ತೀಯಾ? ನಿನಗೆ ತಲೆ ನೆಟ್ಟಗಿದೆಯೇ?

ಇನ್ನೊಂದು ಸುಳ್ಳು ಬರೆಯುವುದಾದರೆ ಬರೆಯಲೇಬೇಡ.

ತಮ್ಮ

೧೫ ಮೇ ೧೯೮೩, ಭಾನುವಾರ

ತಮ್ಮನಿಗೆ,

ಸರಿ. ಸುಳ್ಳಿಲ್ಲದೆ ಬರೆಯುತ್ತೇನೆ, ಕೂತು ಓದು.

ಎರಡು ವರ್ಷವಾಯಿತು. ಕಣ್ಣಿನ ನಡುಭಾಗ ಸವೆದಿದೆ, ಕನ್ನಡಕವೂ ಶಸ್ತ್ರಚಿಕಿತ್ಸೆಯೂ ಕೆಲಸಕ್ಕೆ ಬಾರದು ಅಂದರು ಡಾಕ್ಟರು. ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಪಕ್ಕದ ಗೋಡೆ ಕಾಣುತ್ತದೆ. ತಟ್ಟೆ ಕಾಣುವುದಿಲ್ಲ, ತಟ್ಟೆಯ ಆಚೆಗಿನ ಲೋಟ ಕಾಣುತ್ತದೆ. ಡಾಕ್ಟರು ಇದನ್ನು ಹೇಳುವಾಗ ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಹೊರಗೆ ಬಂದು ನಾನು "ವಯಸ್ಸಿನದು, ಹನಿ ಹಾಕ್ಕೊಂಡ್ರೆ ಸರಿಹೋಗುತ್ತಂತೆ" ಅಂದೆ. ಅವರು "ಹ್ಞೂಂ" ಅಂದರು. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಎಡಗಡೆಯ ಬ್ರೇಕು ನಿನಗೆ ನೆನಪಿದೆಯಲ್ಲ. ಕಲಿಸುವಾಗ ತಮ್ಮ ಕಾಲ ಕೆಳಗೂ ಒಂದಿರಲಿ ಅಂತ ವೆಲ್ಡಿಂಗ್ ಮೇಸ್ತ್ರಿಯಿಂದ ಅಪ್ಪ ಮಾಡಿಸಿಕೊಂಡದ್ದು. ಈಗ ಆ ಜಾಗದಲ್ಲಿ ನಾನು ಕೂರುತ್ತೇನೆ. ನನ್ನ ಕಾಲು ಆ ಬ್ರೇಕಿನ ಮೇಲಿರುತ್ತದೆ, ಸೀರೆಯ ನೆರಿಗೆ ಮುಚ್ಚಿರುತ್ತದೆ. ಬಾಯಿ ಸುದ್ದಿ ಹೇಳುತ್ತಿರುತ್ತದೆ. ಮೊದಲ ಸಲ ಹಾಗೆ ಹೇಳಿದ್ದು ಗಾಬರಿಯಲ್ಲಿ. "ಅಪ್ಪಾ, ಟೈಲರು ನೋಡಿ, ಬೆಂಚನ್ನೆಲ್ಲ ರಸ್ತೆಗೇ ತಂದು ಹಾಕಿದಾನೆ" ಅಂದೆ. ಅಪ್ಪ "ಅವನಪ್ಪನೂ ಹಾಗೇ ಇದ್ದ" ಅಂತ ಹೇಳುತ್ತ ಗಾಡಿಯನ್ನು ನಯವಾಗಿ ಬಲಕ್ಕೆ ಸರಿಸಿದರು. ಅಲ್ಲಿಂದ ಅದೇ ಅಭ್ಯಾಸವಾಯಿತು. "ಡಾಕ್ಟರ ಕಾಂಪೌಂಡಿನ ಬಳ್ಳಿ ಈ ಸಲ ಚೆನ್ನಾಗಿ ಹೂ ಬಿಟ್ಟಿದೆ" ಅಂದರೆ ತಿರುವು ಬಂತು. "ಮುಂದಿನ ಬಸ್ಸಿನವನಿಗೆ ಇವತ್ತು ಏನೋ ಸೋಮಾರಿತನ" ಅಂದರೆ ವೇಗ ಇಳಿಸಬೇಕು. ಎಡಕ್ಕೆ, ಬಲಕ್ಕೆ, ನಿಲ್ಲಿ ಅನ್ನುವ ಮಾತನ್ನು ನಾನು ಒಮ್ಮೆಯೂ ಆಡಿಲ್ಲ. ಊರಿಗೆಲ್ಲ ಎಡಬಲ ಹೇಳಿಕೊಟ್ಟವರಿಗೆ ನಾನು ಎಡಬಲ ಹೇಳಲೇ?

ಹೂವಿನ ಪಾತಿಯ ದಿನ ಸೀನು ಬಂತು. ಒಂದು ಸೀನು, ಅಷ್ಟರಲ್ಲಿ ಮೂರು ಗಿಡ.

ನೀನು ಬೈಯುತ್ತೀಯ, ಬೈಯಿ. ಅಮ್ಮ ಹೋದ ಮೇಲೆ ಮೂರು ತಿಂಗಳು ಅಪ್ಪ ಹಾಸಿಗೆಯಿಂದ ಎದ್ದಿರಲಿಲ್ಲ ಅನ್ನುವುದನ್ನು ನೀನು ಕಾಗದದಲ್ಲಿ ಓದಿದೆ, ನಾನು ಕಣ್ಣಲ್ಲಿ ನೋಡಿದೆ. ಗಡ್ಡ ಬೆಳೆದಿತ್ತು. ಮಾತಿಗೆ ಮಾತಿಲ್ಲ. ಒಂದು ಭಾನುವಾರ ತಾವಾಗಿಯೇ ಎದ್ದು, ಸ್ನಾನ ಮಾಡಿ, "ನಡಿ, ಗಾಡಿ ತೆಗೀತೀನಿ" ಅಂದರು. ಅವತ್ತು ಅವರು ಮನುಷ್ಯರಾದರು. ಆ ಕೀಲಿ ಕಿತ್ತುಕೊಂಡರೆ ಬರೀ ಕೀಲಿ ನನ್ನ ಕೈಗೆ ಬರುವುದಿಲ್ಲ ಕಣೋ. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ ಇದು. ದೂರದ ಬೆಟ್ಟ ನುಣ್ಣಗೆ, ನಿನಗೆ ಹಡಗಿನಿಂದ ಎಲ್ಲ ಸುಲಭವಾಗಿ ಕಾಣುತ್ತದೆ.

ಜುಲೈಯಲ್ಲಿ ಲೈಸೆನ್ಸಿನ ಪರೀಕ್ಷೆ ಬರುತ್ತದೆ. ಬ್ರೇಕ್ ಇನ್ಸ್‌ಪೆಕ್ಟರ್ ಆಗಿರುವವನು ಅಪ್ಪನ ಶಿಷ್ಯನೇ. ಅವನು ಏನು ಮಾಡುತ್ತಾನೋ ಮಾಡಲಿ. ನನ್ನ ಕೈಯಿಂದ ಆಗುವುದಿಲ್ಲ.

ಅಕ್ಕ

೧೮ ಜೂನ್ ೧೯೮೩

ಅಕ್ಕ,

ನಿನ್ನ ಕಷ್ಟ ಅರ್ಥವಾಗುತ್ತದೆ. ಆದರೆ ರಸ್ತೆಯಲ್ಲಿ ಓಡಾಡುವ ಮಕ್ಕಳಿಗೆ ಅದು ಅರ್ಥವಾಗುವುದಿಲ್ಲ. ಇನ್ನೊಂದು ಸೀನು ಬಂದರೆ ಏನು ಮಾಡುತ್ತೀಯ? ಆಗ ಮುರಿಯುವುದು ಗಿಡವಾಗಿರಲಿಕ್ಕಿಲ್ಲ.

ಬ್ರೇಕ್ ಇನ್ಸ್‌ಪೆಕ್ಟರಿಗೆ ನೇರವಾಗಿ ಬರೆದಿದ್ದೇನೆ. ನನ್ನ ತಂದೆಗೆ ಕಣ್ಣು ಕಾಣುವುದಿಲ್ಲ, ಲೈಸೆನ್ಸು ಕೊಡಬೇಡಿ ಅಂತ. ಹೆಸರು ಹಾಕಿ, ಸಹಿ ಹಾಕಿ ಬರೆದಿದ್ದೇನೆ, ಕಳ್ಳನ ಹಾಗೆ ಅಲ್ಲ. ಅಪ್ಪ ನನ್ನ ಮುಖ ನೋಡದಿದ್ದರೆ ನೋಡದಿರಲಿ.

ಹೀಗೆ ಬರೆದ ಮೇಲೆ, ಮುಖ ನೋಡುವ ಮಾತು ಆಡಬಾರದಿತ್ತು ಅನ್ನಿಸಿತು. ಹೊಡೆದು ಹಾಕಲು ಮನಸ್ಸಾಗಲಿಲ್ಲ.

ತಮ್ಮ

೨೪ ಜುಲೈ ೧೯೮೩, ಭಾನುವಾರ

ತಮ್ಮನಿಗೆ,

ನಾಲ್ಕು ಗಂಟೆ ದಾಟಿದೆ. ಗಾಡಿ ಶೆಡ್ಡಿನಲ್ಲಿದೆ. ಅಪ್ಪ ಜಗುಲಿಯಲ್ಲಿ ರೇಡಿಯೊ ಹಚ್ಚಿಕೊಂಡು ಅದಕ್ಕೇ ಎದುರು ಮಾತಾಡುತ್ತಿದ್ದಾರೆ. ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ.

ಈ ತಿಂಗಳ ಮೂರನೇ ತಾರೀಕು, ಭಾನುವಾರ, ನಿನ್ನ ಕಾಗದ ಬರುವುದಕ್ಕೆ ಮುಂಚೆ ನಡೆದದ್ದು ಇದು. ದಿಣ್ಣೆಯಿಂದ ವಾಪಸು ಬರುತ್ತಿದ್ದೆವು. ನೀನು ನನ್ನ ಮೇ ತಿಂಗಳ ಕಾಗದಕ್ಕೆ ಏನು ಉತ್ತರ ಕೊಡುತ್ತೀಯ, ಅದಕ್ಕೆ ನಾನು ಏನು ತಿರುಗೇಟು ಕೊಡಲಿ ಅಂತ ಮನಸ್ಸಿನಲ್ಲೇ ನಿನ್ನ ಜೊತೆ ಜಗಳವಾಡುತ್ತ ಕೂತಿದ್ದೆ. ಸುದ್ದಿ ಹೇಳುವುದನ್ನು ಮರೆತೆ. ಶಾಲೆಯ ಕಾಂಪೌಂಡಿನ ಹತ್ತಿರ ಚೆಂಡಿನ ಹಿಂದೆ ಒಂದು ಹುಡುಗಿ ರಸ್ತೆಗೆ ಓಡಿ ಬಂತು. ಏಳೆಂಟು ವರ್ಷದ್ದು, ಎರಡು ಜಡೆ. ನಾನು ಎರಡೂ ಕಾಲಲ್ಲಿ ಬ್ರೇಕು ತುಳಿದೆ. ಗಾಡಿ ಎಗರಿ ನಿಂತು, ಇಂಜಿನ್ ಆಫ್ ಆಯಿತು. ಹುಡುಗಿಗೂ ಗಾಡಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಅದು ಬಾನೆಟ್ಟಿನ ಮೇಲೆ ಕೈಯಿಟ್ಟು ಏನೋ ಅಂದು, ಚೆಂಡು ಎತ್ತಿಕೊಂಡು ಓಡಿಹೋಯಿತು.

"ಏನದು?" ಅಂದರು ಅಪ್ಪ.

"ನಾಯಿ" ಅಂದೆ.

ಅಪ್ಪ ಸ್ಟಿಯರಿಂಗಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: "ಆ ನಾಯಿ 'ಸಾರಿ ತಾತಾ' ಅಂತು ಕಣೇ."

ನನಗೆ ಅಳು ಬಂತು. ಅಳುವನ್ನು ತಡೆಯಲೂ ಇಲ್ಲ. ಹಿಂದೆ ಯಾವನೋ ಹಾರನ್ ಬಾರಿಸುತ್ತಿದ್ದ, ಪಕ್ಕದಿಂದ ಹೋಗು ಅಂತ ಅಪ್ಪ ಕಿಟಕಿಯಿಂದ ಕೈ ಸನ್ನೆ ಮಾಡಿದರು. ಆಮೇಲೆ ಅಂದರು: "ಎರಡು ವರ್ಷದಿಂದ ನಿನ್ನ ಕಾಲು ಬ್ರೇಕಿನ ಮೇಲಿದೆ. ನನ್ನ ಕಾಲಿಗೆ ಗೊತ್ತಾಗಲ್ವಾ? ನಾನೂರು ಜನಕ್ಕೆ ಕಲಿಸೋವಾಗ ಆ ಪೆಡಲ್ಲನ್ನ ನಾನು ತುಳಿದಿದೀನಿ. ಈ ಕಡೆ ಅದು ಹೇಗೆ ಇಳಿಯುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈಗ ಎಡ ಬಲ ಸರಿಯಾಗಿ ಹೇಳು, ಮನೆಗೆ ಹೋಗೋಣ. ಹೂವು ಬಳ್ಳಿ ಎಲ್ಲ ಬೇಡ."

ಮೊದಲನೇ ಗೇರಿನಲ್ಲೇ ಬಂದೆವು. ಬಲಕ್ಕೆ. ನಿಧಾನ. ಇನ್ನೂ ನಿಧಾನ. ನಿಲ್ಲಿ. ಅಷ್ಟು ದೂರವೂ ಅಷ್ಟೇ ಮಾತು. ನಡೆದುಕೊಂಡು ಹೋಗುವವರು ನಮ್ಮನ್ನು ದಾಟಿ ಹೋದರು.

ಮನೆಗೆ ಬಂದ ಮೇಲೆ ಕೇಳಿದೆ, ಗೊತ್ತಿದ್ದೂ ಯಾಕೆ ಓಡಿಸಿದಿರಿ ಅಂತ. ಅವರು ಕೊಟ್ಟ ಉತ್ತರ ಕೇಳು. "ನಿನಗೋಸ್ಕರ. ನಿಮ್ಮಮ್ಮ ಹೋದ ಮೇಲೆ ನೀನು ಕಚೇರಿ ಬಿಟ್ರೆ ಮನೆ, ಮನೆ ಬಿಟ್ರೆ ಕಚೇರಿ. ಬಾಯಿಗೆ ಬೀಗ. ಗಾಡಿ ಹತ್ತಿದಾಗ ಮಾತ್ರ ಟೈಲರು, ಡಾಕ್ಟರು, ಹೂವು, ಬಸ್ಸು ಅಂತ ಬಾಯಿ ತುಂಬ ಮಾತಾಡ್ತಿದ್ದೆ. ಕೀಲಿ ಎತ್ತಿಟ್ರೆ ಇವಳ ಮಾತೂ ನಿಂತುಹೋಗುತ್ತಲ್ಲ ಅಂತ ಓಡಿಸ್ದೆ."

ನಗಬೇಕೋ ಅಳಬೇಕೋ ಹೇಳು. "ಅಪ್ಪಾ, ನನಗೆ ಆ ಗಾಡಿ ಹತ್ತಿದ್ರೆ ಹೊಟ್ಟೆ ತೊಳಸುತ್ತೆ. ಮೊದಲಿಂದಲೂ ಅಷ್ಟೇ. ಅದಕ್ಕೇ ನಾನು ಕಲೀಲಿಲ್ಲ. ನಾನು ಬರ್ತಿದ್ದಿದ್ದು ನಿಮಗೋಸ್ಕರ" ಅಂದೆ. "ಎರಡು ವರ್ಷ ಪೆಟ್ರೋಲು!" ಅಂತ ಅಪ್ಪ ಗೊಣಗಿದರು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆವು.

ಆದರೆ ಅದಾದ ಒಂದು ವಾರ ಅವರು ಸರಿಯಾಗಿ ಊಟ ಮಾಡಲಿಲ್ಲ. ಆ ಹುಡುಗಿ ಯಾರ ಮನೆಯದು, ಪೆಟ್ಟಾಗಿಲ್ಲವಷ್ಟೆ ಅಂತ ದಿನಕ್ಕೆ ನಾಲ್ಕು ಸಲ ಕೇಳಿದರು. ನಾನು ಶಾಲೆಗೆ ಹೋಗಿ ನೋಡಿ ಬಂದೆ. ಅದು ಆರಾಮಾಗಿ ಇನ್ನೊಬ್ಬಳ ಜಡೆ ಎಳೆಯುತ್ತಿತ್ತು.

ಹೋದ ಸೋಮವಾರ ಲೈಸೆನ್ಸಿನ ತಾರೀಕು. ಗಾಡಿ ತೆಗೆಯಲಿಲ್ಲ, ಅಪ್ಪ ನನ್ನ ಭುಜದ ಮೇಲೆ ಕೈಯಿಟ್ಟು ಲೈಸೆನ್ಸಿನ ಕಚೇರಿಗೆ ನಡೆದೇ ಬಂದರು. ಇನ್ಸ್‌ಪೆಕ್ಟರು ಕುರ್ಚಿ ಬಿಟ್ಟು ಎದ್ದು ನಿಂತ. "ಮೇಷ್ಟ್ರೇ, ನೀವ್ಯಾಕೆ ಬರೋಕೆ ಹೋದ್ರಿ? ಹೇಳಿ ಕಳಿಸಿದ್ರೆ ಸಹಿ ಹಾಕಿ ಮನೆಗೇ ಕಳಿಸ್ತಿರ್ಲಿಲ್ವಾ? ನಿಮಗೆ ಪರೀಕ್ಷೆ ಮಾಡೋಕೆ ನಾನ್ಯಾರು?" ಅಂದು ಪೆನ್ನಿನ ಮುಚ್ಚಳ ತೆಗೆದ. ಆಮೇಲೆ ನಾಚಿಕೆಯಿಂದ ಡ್ರಾಯರಿನಿಂದ ಒಂದು ಲಕೋಟೆ ತೆಗೆದು, "ನಿಮ್ಮ ಮಗ ಏನೋ ಬರ್ದಿದಾರೆ. ನಾನು ಅದನ್ನ ಲೆಕ್ಕಕ್ಕೆ ತಗೊಂಡಿಲ್ಲ" ಅಂದ.

ಅಪ್ಪ ಅದನ್ನು ನನ್ನ ಕಡೆ ಚಾಚಿದರು. "ಓದು. ಈ ಸಲ ಅವನು ಬರೆದಿರೋದನ್ನ ಓದು."

ಓದಿದೆ. ಒಂದಕ್ಷರ ಬಿಡದೆ ಓದಿದೆ. ಗುಮಾಸ್ತರೆಲ್ಲ ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಅಪ್ಪ ಕೊನೆಯವರೆಗೂ ಕೇಳಿ, "ಹೋದ ಸಲ ಬಣ್ಣ ಹೊಡಿಸ್ತೀನಿ ಅಂದಿದ್ನಲ್ಲ, ಅದು ನಿನ್ನ ಬಣ್ಣವೇನೇ?" ಅಂದರು. ತಲೆ ತಗ್ಗಿಸಿದೆ.

ಸತ್ಯ ಹೇಳಿಬಿಡುತ್ತೇನೆ. ಅಷ್ಟೆಲ್ಲ ಆದ ಮೇಲೂ ಇನ್ಸ್‌ಪೆಕ್ಟರು ಪೆನ್ನು ಹಿಡಿದಾಗ, ಸಹಿ ಹಾಕಿಬಿಡಲಿ ಅಂತಲೇ ನನ್ನ ಮನಸ್ಸು ಹೇಳುತ್ತಿತ್ತು. ಓಡಿಸದಿದ್ದರೂ ಚಿಂತೆಯಿಲ್ಲ, ಜೇಬಿನಲ್ಲಿ ಆ ಲೈಸೆನ್ಸ್ ಪುಸ್ತಕ ಇರಲಿ ಅಂತ. ಅಪ್ಪನೇ ಬೇಡ ಅಂದರು. "ಪರೀಕ್ಷೆ ಮಾಡು. ಎಲ್ಲರಿಗೂ ಮಾಡೋ ಹಾಗೇ ಮಾಡು" ಅಂತ ಹೋಗಿ ಕಣ್ಣು ಪರೀಕ್ಷೆಯ ಗೆರೆಯ ಮೇಲೆ ನಿಂತರು. ಎದುರಿನ ಗೋಡೆಯಲ್ಲಿ ಅಕ್ಷರದ ಬೋರ್ಡು. ಇನ್ಸ್‌ಪೆಕ್ಟರು ಅಪ್ಪನ ಹತ್ತಿರ ಬಂದು, ಪಿಸುಮಾತಿನಲ್ಲಿ, "ಮೊದಲನೇದು 'ರ' ಮೇಷ್ಟ್ರೇ, ಆಮೇಲೆ 'ಗ'" ಅಂದ.

"ನನ್ನ ಶಿಷ್ಯನಾಗಿ ಕಾಪಿ ಹೊಡೆಸ್ತೀಯೇನೋ, ಕತ್ತೆ? ನಿನ್ನನ್ನ ಪರೀಕ್ಷೆಗೆ ಕಳಿಸೋಕೆ ಮುಂಚೆ ಮೂರು ಸಲ ವಾಪಸ್ ಕೂರಿಸಿದ್ದೆ, ಮರ್ತುಹೋಯ್ತಾ?" ಅಂತ ಅಪ್ಪ ಗದರಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಪಾಠ ಹೇಳುತ್ತಿದ್ದರಲ್ಲ ಅದೇ ಗಂಟಲಿನಲ್ಲಿ, "ನನಗೆ ಬೋರ್ಡು ಕಾಣ್ತಿಲ್ಲ. ಗೋಡೆ ಕಾಣ್ತಿದೆ. ಬರ್ಕೋ, ಫೇಲು" ಅಂದರು.

ಇನ್ಸ್‌ಪೆಕ್ಟರಿಗೆ ಬರೆಯಲು ಕೈ ಬರಲಿಲ್ಲ. ಆ ದೊಡ್ಡ ಮೀಸೆಯವನು ಕಣ್ಣು ಒರೆಸಿಕೊಂಡ. ಅಪ್ಪ ಅವನು ಬರೆಯುವವರೆಗೂ ಅಲ್ಲಿಂದ ಕದಲಲಿಲ್ಲ.

ದಾರಿಯಲ್ಲಿ ಕೇಳಿದೆ, ಮಗನ ಮೇಲೆ ಸಿಟ್ಟಿದೆಯಾ ಅಂತ. "ಅವನು ಹೆದರಿದಾನೆ. ಹೆದರಿದೋನು ಬ್ರೇಕು ತುಳೀತಾನೆ, ಅದರಲ್ಲಿ ತಪ್ಪೇನಿದೆ?" ಅಂದರು. ಇಷ್ಟನ್ನು ನಿನಗೆ ಬರೆಯಬೇಕು ಅಂತಲೂ ಹೇಳಿದರು. ನಿನ್ನ ಫೆಬ್ರವರಿಯ ಚೀಟಿಯನ್ನು ತಿರುಚಿ ಓದಿದ್ದಕ್ಕೆ ನಾನು ಕ್ಷಮೆ ಕೇಳುತ್ತೇನೆ, ಹೊಟ್ಟೆಗೆ ಹಾಕಿಕೊ. ಇನ್ನು ಮೇಲೆ ನೀನು ಏನು ಬರೆಯುತ್ತೀಯೋ ಅದನ್ನೇ ಓದುತ್ತೇನೆ. ಕಳೆದ ವಾರದಿಂದ ಅವರು ನಾಲ್ಕು ಗಂಟೆಗೆ ಶೆಡ್ಡಿಗೆ ಹೋಗಿ, ಬಾಗಿಲು ತೆಗೆದು, ಬಾಗಿಲು ಹಾಕಿ ಬರುತ್ತಾರೆ. ನೋಡಲು ಆಗುವುದಿಲ್ಲ. ನಿನ್ನಿಂದ ಒಂದು ಕಾಗದ ಬಂದರೆ ಅವರಿಗೆ ಬಲ ಬರುತ್ತದೆ. ಅವರಿಗೇ ಬರೆ.

ಅಕ್ಕ

೨೦ ಆಗಸ್ಟ್ ೧೯೮೩

ಅಪ್ಪನಿಗೆ,

ಇದನ್ನು ಅಕ್ಕ ಓದುತ್ತಿದ್ದಾಳೆ. ಅಕ್ಕ, ಒಂದಕ್ಷರ ಬಿಡಬೇಡ, ಒಂದಕ್ಷರ ಸೇರಿಸಬೇಡ.

ಅಪ್ಪ, ನೀವು ಗೆರೆಯ ಮೇಲೆ ನಿಂತದ್ದನ್ನು ಓದಿದೆ. ಹೆದರಿದವನು ಬ್ರೇಕು ತುಳಿಯುತ್ತಾನೆ ಅಂದಿರಂತೆ. ನನ್ನ ವಿಷಯದಲ್ಲಿ ಅದು ಸುಳ್ಳು. ನಾನು ತುಳಿಯಬೇಕಾದಾಗ ತುಳಿಯಲಿಲ್ಲ. ಅದನ್ನು ಹೇಳಲು ಬರೆಯುತ್ತಿದ್ದೇನೆ.

ಕಣ್ಣಿನ ವಿಷಯ ಮುಚ್ಚಿಟ್ಟಳು ಅಂತ ಅಕ್ಕನಿಗೆ ಬಾಯಿಗೆ ಬಂದ ಹಾಗೆ ಬರೆದೆ. ಅವಳಿಗಿಂತ ಮೊದಲೇ ನನಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ, ನಾನು ರಜಾ ಮುಗಿಸಿ ಹೊರಟ ಬೆಳಿಗ್ಗೆ, ಅಕ್ಕ ಕಚೇರಿಗೆ ಹೋಗಿದ್ದಳು. ನೀವು ನನ್ನನ್ನು ರೈಲ್ವೆ ಸ್ಟೇಷನ್ನಿಗೆ ಬಿಡಲು ಬಂದಿರಿ. ರೈಲ್ವೆ ಗೇಟು ಹಾಕಿತ್ತು. ಕೆಂಪು ಬಣ್ಣ ಬಳಿದ ಅಷ್ಟು ದೊಡ್ಡ ಗೇಟು. ನೀವು ವೇಗ ಇಳಿಸದೆ ಅದರ ಮೇಲೇ ಹೋಗುತ್ತಿದ್ದಿರಿ. "ಅಪ್ಪಾ, ಗೇಟು!" ಅಂತ ಕೂಗಿದೆ. ನಿಂತಿತು. ಆಗ ನಾನು ಕೇಳಿದ್ದು, "ಬಿಸಿಲು ಕಣ್ಣಿಗೆ ಹೊಡೀತು ಅಲ್ವಾ ಅಪ್ಪ?" ಅಂತ. ನೀವು "ಹೌದು ಕಣೋ, ಬಿಸಿಲು" ಅಂದಿರಿ. ಬಿಸಿಲು ನಮ್ಮ ಬೆನ್ನ ಹಿಂದಿತ್ತು. ನನಗೂ ಗೊತ್ತಿತ್ತು, ನಿಮಗೂ ಗೊತ್ತಿತ್ತು.

ರೈಲು ಹತ್ತಿ ಕಿಟಕಿಯ ಹತ್ತಿರ ಕೂತೆ. ನೀವು ಪ್ಲಾಟ್‌ಫಾರಂ ಮೇಲೆ ನಗುತ್ತ ಕೈ ಬೀಸುತ್ತಿದ್ದಿರಿ. ನನಗಲ್ಲ. ಪಕ್ಕದ ಡಬ್ಬಿಯ ಕಿಟಕಿಗೆ. ಅಲ್ಲಿ ಯಾರೋ ಒಬ್ಬ ಮುದುಕಿ ಕೂತಿದ್ದಳು. ಅಕ್ಕ, ಇಲ್ಲಿ ನಿಲ್ಲಿಸುತ್ತೀಯ ಅಂತ ಗೊತ್ತು. ನಿಲ್ಲಿಸಬೇಡ, ಓದು.

ರೈಲು ಹೊರಡಲು ಇನ್ನೂ ಹೊತ್ತಿತ್ತು. ಇಳಿಯಬಹುದಾಗಿತ್ತು. ಇಳಿದರೆ ಕೆಲಸ ಹೋಗುತ್ತದೆ ಅಂತ ಒಂದು ಮನಸ್ಸು, ಇಳಿದರೆ ನಿಮ್ಮನ್ನು ನಾನೇ ನೋಡಿಕೊಳ್ಳಬೇಕಾಗುತ್ತದೆ ಅಂತ ಇನ್ನೊಂದು ಮನಸ್ಸು. ಎರಡನೆಯದೇ ನಿಜವಾದದ್ದು. ಕೂತೇ ಇದ್ದೆ. ಹತ್ತು ದಿನ ಕಳೆದು ಬಂದರಿನಲ್ಲಿ ಅಕ್ಕನ ಕಾಗದ ಸಿಕ್ಕಿತು, ಅಪ್ಪ ಚೆನ್ನಾಗಿದ್ದಾರೆ ಅಂತ. ನಾನು ಏನೂ ಕೇಳಲಿಲ್ಲ. ಆಮೇಲೆ ಎರಡು ಸಲ ರಜಾ ಸಿಕ್ಕಿತು. ಸಿಗಲಿಲ್ಲ ಅಂತ ಬರೆದೆ. ನಿಮ್ಮ ಎದುರಿಗೆ ಬಂದು ನಿಂತರೆ ನೀವು ನನ್ನ ಪಕ್ಕಕ್ಕೆ ನೋಡಿ ಮಾತಾಡುತ್ತೀರಿ ಅನ್ನುವ ಭಯ.

ಬೈಯುವುದಿದ್ದರೆ ಅಕ್ಕನ ಕೈಯಲ್ಲಿ ಬರೆಸಿ. ಅವಳು ಮೆತ್ತಗೆ ಮಾಡಿ ಬರೆಯಬಾರದು. ಆದರೆ ಅದಕ್ಕೂ ಮೊದಲು ಒಂದಕ್ಕೆ ಉತ್ತರ ಹೇಳಿ, ಮೂರು ವರ್ಷದಿಂದ ಕೇಳಬೇಕು ಅಂತಿದ್ದೆ. ಸ್ಟೇಷನ್ನಿನಿಂದ ಮನೆಗೆ ನಾಲ್ಕು ಮೈಲಿ. ಮಧ್ಯೆ ಆ ಗೇಟು, ಸಂತೆ ಬೀದಿ, ಸರ್ಕಲ್ಲು. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಅವತ್ತು ನೀವು ಮನೆಗೆ ಹೇಗೆ ತಲುಪಿದಿರಿ ಅಪ್ಪ?

ನಿಮ್ಮ ಮಗ